ದೊಡ್ಡ ಅಂಗಡಿಗೆ ಆಟಿಕೆ ಹೇಗೆ ಬರುತ್ತದೆ?



ಮೊನ್ನೆ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಕೇಳಿದರು. "ಟೀಚರಮ್ಮ, ಪೇಟೆಯ ದೊಡ್ಡ ಅಂಗಡಿಗೆ ಹೋಗಿದ್ದೆ. ಎಲ್ಲಿ ನೋಡಿದರೂ ಪ್ಲಾಸ್ಟಿಕ್ ಆಟಿಕೆ. ನಮ್ಮ ಚನ್ನಪಟ್ಟಣದ ಬೊಂಬೆ ಒಂದೂ ಕಾಣ್ಲಿಲ್ಲ. ಯಾಕೆ?" ಒಳ್ಳೆಯ ಪ್ರಶ್ನೆ. ಇವತ್ತು ಅದನ್ನೇ ಮಾತಾಡೋಣ.

ಜಾತ್ರೆಯಲ್ಲಿ ಬೊಂಬೆ ಮಾರುವವರು ತಮಗೆ ತೋಚಿದ್ದನ್ನು ತರುತ್ತಾರೆ. ದೊಡ್ಡ ಅಂಗಡಿಯಲ್ಲಿ ಹಾಗಲ್ಲ. ಏನು ತರಿಸಬೇಕು ಎಂದು ಲೆಕ್ಕ ಹಾಕಲು ಅಲ್ಲಿ ಬೇರೆ ಜನ ಇರುತ್ತಾರೆ. ಅವರು ಮೊದಲು ನೋಡುವುದು ಕಪಾಟಿನ ಜಾಗ. ಆ ಜಾಗ ತಿಂಗಳಿಗೆ ಎಷ್ಟು ದುಡಿಯುತ್ತದೆ?

ನಾವೂ ಒಂದು ಲೆಕ್ಕ ಮಾಡೋಣ. ಒಂದು ಮರದ ಬೊಂಬೆಗೆ 60 ರೂಪಾಯಿ ಲಾಭ ಅನ್ನಿ. ತಿಂಗಳಿಗೆ 2 ಮಾರಾಟ. ಒಟ್ಟು 120 ರೂಪಾಯಿ. ಒಂದು ಪ್ಲಾಸ್ಟಿಕ್ ಕಾರಿಗೆ 15 ರೂಪಾಯಿ ಲಾಭ. ತಿಂಗಳಿಗೆ 20 ಮಾರಾಟ. ಒಟ್ಟು 300 ರೂಪಾಯಿ. ಜಾಗ ಯಾರಿಗೆ? ಕಾರಿಗೆ! ಬೇಗ ಮಾರಾಟವಾಗುವುದನ್ನು ಮಗುವಿನ ಕೈಗೆ ಸಿಗುವ ಹಾಗೆ ಇಡುತ್ತಾರೆ. ಮಗು ಹಿಡಿದುಕೊಂಡರೆ ಬಿಡಿಸೋದು ಕಷ್ಟ ಅಲ್ವಾ?

ಎರಡನೆಯದು, ಸಾಮಾನು ಹೊತ್ತಿಗೆ ಸರಿಯಾಗಿ ಬರಬೇಕು. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುತ್ತಾರೆ. ಈ ಕೆಲಸದಲ್ಲಿ ಹೆಂಗಸರೂ ಇದ್ದಾರೆ. "ಸಾವಿರ ಬೊಂಬೆ ಬೇಕು. ಒಂದೇ ಅಳತೆ, ಒಂದೇ ಬಣ್ಣ, ಹೇಳಿದ ದಿನಕ್ಕೆ ಬೇಕು" ಎಂದರೆ ಒಂದು ಮನೆಯವರ ಕೈಲಾಗದು. ಹತ್ತು ಮನೆಯವರು ಸೇರಿ ಸಂಘ ಕಟ್ಟಿದರೆ ಆದೀತು.

ಮೂರನೆಯದು ಕಾನೂನು. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐ.ಎಸ್.ಐ. ಗುರುತು ಇರಲೇಬೇಕು. 2021ರ ಜನವರಿ 1ರಿಂದ ಈ ನಿಯಮ ಬಂದಿದೆ. ಸರ್ಕಾರದಲ್ಲಿ ಹೆಸರು ನೋಂದಾಯಿಸಿದ ಕರಕುಶಲಿಗಳು ಮಾಡಿದ ಆಟಿಕೆಗೆ ವಿನಾಯಿತಿ ಇದೆ. 2023ರ ಜನವರಿಯ ಹೊತ್ತಿಗೆ ಅಧಿಕಾರಿಗಳು ದೇಶದ ಹಲವು ಕಡೆ ತಪಾಸಣೆ ಮಾಡಿದರು. ದೊಡ್ಡ ಅಂಗಡಿಗಳಲ್ಲೂ ಗುರುತಿಲ್ಲದ ಸಾವಿರಾರು ಆಟಿಕೆ ಸಿಕ್ಕವು. ಅಂಗಡಿ ದೊಡ್ಡದು ಅಂತ ಕಣ್ಣು ಮುಚ್ಚಿ ಕೊಳ್ಳಬೇಡಿ.

ಹಾಗಾದರೆ ನಾವೇನು ಮಾಡಬೇಕು? ಡಬ್ಬಿಯನ್ನು ತಿರುಗಿಸಿ ನೋಡಿ. ಅದರ ಮೇಲೆ ಇಂಗ್ಲಿಷ್ ಇದ್ದರೆ ಹೆದರಬೇಡಿ. ಅಂಕಿ ನಿಮಗೆ ಗೊತ್ತು. 0-3 ಎಂದು ಬರೆದು, ಮಗುವಿನ ಮುಖದ ಮೇಲೆ ಅಡ್ಡಗೆರೆ ಎಳೆದಿದೆಯಾ? ಹಾಗಿದ್ದರೆ ಅದು 3 ವರ್ಷದೊಳಗಿನ ಮಕ್ಕಳಿಗೆ ಅಲ್ಲ. ಸಣ್ಣ ಚೂರು ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಗುವಿನ ಜೀವಕ್ಕೇ ಅಪಾಯ. ಐ.ಎಸ್.ಐ. ಗುರುತು ಹುಡುಕಿ. ಕಾಣದಿದ್ದರೆ "ಯಾಕಿಲ್ಲ?" ಎಂದು ಕೇಳಿ. ಬಿಲ್ಲು ಇಸಕೊಳ್ಳಿ.

ಅಂಗಡಿಯವರು ಬಿಲ್ಲು ನೋಡಿಯೇ ಮುಂದಿನ ಸಲದ ಸಾಮಾನು ತರಿಸುತ್ತಾರೆ. ನಾವು ಇವತ್ತು ಕೊಂಡದ್ದೇ ನಾಳೆ ಕಪಾಟಿನಲ್ಲಿ ಇರುತ್ತದೆ. ಅದಕ್ಕೇ ಮುಂದಿನ ಸಲ ಹೋದಾಗ ಸಂಕೋಚ ಬಿಟ್ಟು ಕೇಳಿ: "ಚನ್ನಪಟ್ಟಣದ ಬೊಂಬೆ ಇದೆಯೇನಪ್ಪ?" ಒಬ್ಬರು ಕೇಳಿದರೆ "ಇಲ್ಲ" ಅಂತಾರೆ. ಹತ್ತು ಜನ ಕೇಳಿದರೆ ತರಿಸ್ತಾರೆ.