ಘಟ್ಟದ ಮಳೆಯೂ ಗಲಗಲಿಯ ಹೊಳೆಯೂ



ಆಷಾಢ ಕಳೆದು ಶ್ರಾವಣ ಕಾಲಿಡುವ ದಿನಗಳಲ್ಲಿ ಬೀಳಗಿ ತಾಲ್ಲೂಕಿನ ಗಲಗಲಿಗೆ ಹೋಗಿ ಕೃಷ್ಣೆಯ ದಡದಲ್ಲಿ ನಿಂತವರಿಗೆ ಒಂದು ವಿಚಿತ್ರವಾದ ನೋಟ ಕಾಣಬಹುದು. ತಲೆಯ ಮೇಲೆ ಬಿಸಿಲಿರುತ್ತದೆ. ಎರೆಯ ಹೊಲಗಳು ಹನಿ ನೀರಿಲ್ಲದೆ ಬಿರಿದಿರುತ್ತವೆ. ಆದರೂ ಹೊಳೆಯು ಕೆಂಪೇರಿ, ನಿನ್ನೆ ಇದ್ದ ಮೆಟ್ಟಿಲನ್ನು ಇಂದು ಮುಚ್ಚಿ, ಸದ್ದಿಲ್ಲದೆ ಮೇಲಕ್ಕೆ ಬರುತ್ತಿರುತ್ತದೆ. ಗಾಲವ ಋಷಿಗಳ ಹೆಸರನ್ನು ಹೊತ್ತಿದೆಯೆಂದು ನಂಬಲಾಗಿರುವ ಈ ಊರಿನ ಜನರಿಗೆ ಇದು ಹೊಸತಲ್ಲ. “ಘಟ್ಟದಾಗ ಹೊಡದೈತಿ” ಎಂದು ಒಂದೇ ಮಾತಿನಲ್ಲಿ ಅವರು ಕಾರಣವನ್ನು ಹೇಳಿಬಿಡುತ್ತಾರೆ. ಘಟ್ಟದಲ್ಲಿ ಹೊಡೆಯುವ ಮಳೆಯನ್ನು ಮುಂಚಿತವಾಗಿ ತಿಳಿಯುವುದು ಸಾಧ್ಯವೇ? ಸಾಧ್ಯವಾದರೆ ಎಷ್ಟರ ಮಟ್ಟಿಗೆ? ಆ ತಿಳಿವಳಿಕೆಯನ್ನು ನಾವು ಹೇಗೆ ಬಳಸಬೇಕು? ಈ ಮೂರು ಪ್ರಶ್ನೆಗಳೇ ಈ ಭಾಷಣದ ವಿಷಯ.

ಕೃಷ್ಣೆ ಹುಟ್ಟುವುದು ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ. ಅಲ್ಲಿ ವರ್ಷಕ್ಕೆ ಐದೂವರೆ ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆಯಾಗುತ್ತದೆ. ಅಲ್ಲಿಂದ ಪೂರ್ವಕ್ಕೆ ಗಾಡಿಯಲ್ಲಿ ಅರ್ಧ ಗಂಟೆಯ ಹಾದಿಯಲ್ಲಿರುವ ಪಂಚಗಣಿಯಲ್ಲಿ ಅದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಇನ್ನೂ ಪೂರ್ವಕ್ಕೆ ಬಂದು ನಮ್ಮ ಬಾಗಲಕೋಟೆ ಜಿಲ್ಲೆಯನ್ನು ಸೇರಿದರೆ ವರ್ಷದ ಮಳೆ ಆರುನೂರು ಮಿಲಿಮೀಟರನ್ನೂ ಮುಟ್ಟುವುದಿಲ್ಲ. 2021ರ ಜುಲೈ 23ರ ಬೆಳಗಿಗೆ ಮುಗಿದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಹಾಬಳೇಶ್ವರದಲ್ಲಿ 594 ಮಿಲಿಮೀಟರು, ಅಂದರೆ 23 ಅಂಗುಲಕ್ಕೂ ಮೀರಿ ಮಳೆ ಬಿದ್ದಿತು. ಗಲಗಲಿಯ ರೈತನು ವರ್ಷವೆಲ್ಲಾ ಕಾದು ಪಡೆಯುವ ಮಳೆಯನ್ನು ಆ ಬೆಟ್ಟವು ಒಂದೇ ಹಗಲಿರುಳಿನಲ್ಲಿ ಪಡೆಯಿತು.

ಇದಕ್ಕೆ ಕಾರಣ ಸರಳವಾದುದು. ಅರಬ್ಬೀ ಸಮುದ್ರದಿಂದ ನೀರಾವಿಯನ್ನು ಹೊತ್ತು ಬರುವ ಗಾಳಿಗೆ ಸಹ್ಯಾದ್ರಿಯು ಗೋಡೆಯಂತೆ ಅಡ್ಡವಾಗಿ ನಿಂತಿದೆ. ಗಾಳಿಯು ಮೇಲಕ್ಕೇರಲೇಬೇಕು. ಏರಿದಂತೆ ಅದು ಹಿಗ್ಗಿ ತಣ್ಣಗಾಗುತ್ತದೆ. ಒಣಗಾಳಿಯಾದರೆ ಒಂದು ಕಿಲೋಮೀಟರಿಗೆ ಸುಮಾರು ಹತ್ತು ಡಿಗ್ರಿಯಷ್ಟು. ತಣ್ಣಗಾದ ಗಾಳಿಗೆ ಆವಿಯನ್ನು ಹಿಡಿದಿಡುವ ಶಕ್ತಿ ಕುಗ್ಗಿ, ಆವಿಯು ಮೋಡವಾಗಿ ಮಳೆಯಾಗುತ್ತದೆ. ಬೆಟ್ಟವನ್ನು ದಾಟಿದ ಗಾಳಿಯು ಕೆಳಗಿಳಿಯುವಾಗ ಮತ್ತೆ ಬೆಚ್ಚಗಾಗಿ ಮೋಡ ಕರಗುತ್ತದೆ. ಆದಕಾರಣ ಬೆಟ್ಟದ ಬೆನ್ನಿಗಿರುವ ನಮ್ಮ ಸೀಮೆಗೆ ಮೋಡದ ನೆರಳು ಮಾತ್ರ ಉಳಿಯುತ್ತದೆ.

ಇನ್ನು ಮುನ್ಸೂಚನೆಯ ವಿಚಾರ. ನಮ್ಮ ಹಿರಿಯರು ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆಗಳಿಗೆ ನಕ್ಷತ್ರದ ಹೆಸರಿಟ್ಟು, ಈ ಮಳೆಗಳಲ್ಲಿ ಹೊಳೆ ತುಂಬುವುದೆಂದು ತಿಳಿದಿದ್ದರು. ಇದು ಅನೇಕ ತಲೆಮಾರುಗಳ ಅನುಭವದ ಸಾರ, ಇದನ್ನು ಹಳಿಯತಕ್ಕದ್ದಲ್ಲ. ಆದರೆ ಪುಷ್ಯದಲ್ಲಿ ಹೊಳೆ ಬರುವುದೆಂದು ಬಲ್ಲವನು ಬರುವ ಗುರುವಾರ ಹೊಳೆ ಬರುವುದೋ ಇಲ್ಲವೋ ಎಂಬುದನ್ನು ಬಲ್ಲವನಲ್ಲ. ಮೊದಲನೆಯದು ಕಾಲಧರ್ಮದ ಜ್ಞಾನ, ಎರಡನೆಯದು ಮುನ್ಸೂಚನೆ.

ನಮ್ಮ ದೇಶದ ಹವಾಮಾನ ಇಲಾಖೆಯು ಸ್ಥಾಪಿತವಾದುದು 1875ರಲ್ಲಿ. ಮರುವರ್ಷವೇ ಆರಂಭವಾದ 1876–78ರ ಬರಗಾಲದಲ್ಲಿ, ಗಲಗಲಿಯನ್ನೊಳಗೊಂಡಿದ್ದ ಅಂದಿನ ಕಲಾದಗಿ ಜಿಲ್ಲೆಯು ಬಹಳವಾಗಿ ನೊಂದಿತು. ಇಲಾಖೆಯ ಮೊದಲ ಮುಖ್ಯಸ್ಥರಾದ ಹೆನ್ರಿ ಬ್ಲ್ಯಾನ್‌ಫರ್ಡರು 1884ರಲ್ಲಿ ಒಂದು ಸಂಬಂಧವನ್ನು ಪ್ರಕಟಿಸಿದರು: ಹಿಮಾಲಯದಲ್ಲಿ ಹಿಮವು ಅತಿಯಾಗಿ ಬಿದ್ದ ಮೇಲೆ ಬರುವ ಮುಂಗಾರು ದುರ್ಬಲವಾಗುವ ಸಂಭವವುಂಟು. ಮೆಡಿಟರೇನಿಯನ್ ಕಡೆಯಿಂದ ಪೂರ್ವಕ್ಕೆ ಸಾಗಿಬರುವ ಚಳಿಗಾಲದ ಬಿರುಗಾಳಿಗಳು ಹಿಮಾಲಯಕ್ಕೆ ಆ ಹಿಮವನ್ನು ತರುತ್ತವೆ. ಕೃಷ್ಣೆಯ ದಡದ ಬೆಳೆಯ ಭವಿಷ್ಯವನ್ನು ಕೇಳಲು ವಿಜ್ಞಾನವು ಮೊದಲು ಹೋದದ್ದು ಹಿಮಾಲಯಕ್ಕೆ. ಈ ಸಂಬಂಧವು ಎಲ್ಲ ವರ್ಷಗಳಲ್ಲೂ ನಿಲ್ಲಲಿಲ್ಲವಾದರೂ, ದೂರದ ಆಕಾಶಗಳು ಪರಸ್ಪರ ಕಟ್ಟುಬಿದ್ದಿವೆಯೆಂಬ ಮಾತು ನಿಂತಿತು.

ಇಂದು ಮುನ್ಸೂಚನೆ ಹೇಳುವವರು ನೋಡುವುದೂ ಅಂಥ ದೂರದ ಕಟ್ಟುಗಳನ್ನೇ. ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ ವಾಯುಭಾರವು ಕುಸಿದರೆ ಪಡುವಣ ಗಾಳಿಯ ಸೆಳೆತ ಹೆಚ್ಚುತ್ತದೆ. ಸಹ್ಯಾದ್ರಿಗೆ ಅಪ್ಪಳಿಸುವ ಆವಿಯೂ ಹೆಚ್ಚುತ್ತದೆ. ಉಪಗ್ರಹಗಳ ಚಿತ್ರ, ಮೇಲಕ್ಕೆ ಬಿಟ್ಟ ಬಲೂನುಗಳ ವರದಿ, ಹಡಗುಗಳ ಮತ್ತು ವಿಮಾನಗಳ ಅಳತೆಗಳು ಇವೆಲ್ಲವನ್ನೂ ಗಣಕಯಂತ್ರಕ್ಕೆ ಕೊಟ್ಟು, ಮುಂದಿನ ನಾಲ್ಕೈದು ದಿನಗಳ ಗಾಳಿಯ ನಡೆಯನ್ನು ಲೆಕ್ಕ ಹಾಕುತ್ತಾರೆ. “ಈ ವಾರ ಘಟ್ಟದಲ್ಲಿ ಭಾರಿ ಮಳೆಯಿದೆ” ಎಂಬ ಮಾತನ್ನು ಈಗ ಸಾಕಷ್ಟು ನೆಚ್ಚಬಹುದು.

ಬೆಟ್ಟದ ತೊಡಕು ಕಾಣಿಸಿಕೊಳ್ಳುವುದು ಇದಾದ ಮೇಲೆ. ಗಣಕಯಂತ್ರವು ಭೂಮಿಯನ್ನು ಚೌಕಗಳಾಗಿ ವಿಭಾಗಿಸಿ, ಒಂದೊಂದು ಚೌಕಕ್ಕೆ ಒಂದೊಂದು ಲೆಕ್ಕವನ್ನು ಮಾಡುತ್ತದೆ. ಕೆಲವು ವರ್ಷಗಳ ಕಾಲ ನಮ್ಮ ದೇಶದ ಮುಖ್ಯ ಗಣಿತದಲ್ಲಿ ಚೌಕದ ಬದಿ ಸುಮಾರು 12 ಕಿಲೋಮೀಟರು ಇದ್ದಿತು. ಅಂಥ ಒಂದೆರಡು ಚೌಕಗಳಲ್ಲಿಯೇ ಮಹಾಬಳೇಶ್ವರವೂ ಪಂಚಗಣಿಯೂ ಅಡಗಿಹೋಗುತ್ತವೆ. ಮೂರುಪಟ್ಟು ವ್ಯತ್ಯಾಸವುಳ್ಳ ಎರಡು ಊರುಗಳಿಗೆ ಹೆಚ್ಚು ಕಡಿಮೆ ಒಂದೇ ಮಾತು! 2025ರ ಮೇ ತಿಂಗಳಲ್ಲಿ ಆರಂಭವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಎಂಬ ಹೊಸ ಗಣಿತದಲ್ಲಿ ಚೌಕವು 6 ಕಿಲೋಮೀಟರಿಗೆ ಇಳಿದಿದೆ. ಇದು ದೊಡ್ಡ ಹೆಜ್ಜೆಯೇ ಸರಿ. ಆದರೆ ಒಂದು ಕಣಿವೆ ಅದಕ್ಕಿಂತಲೂ ಕಿರಿದಾಗಿರಬಹುದು. ಮಳೆಯನ್ನು ದೂರದಿಂದ ಕಾಣುವ ರೇಡಾರಿನ ಕಿರಣಕ್ಕೂ ಶಿಖರಗಳು ಅಡ್ಡ ಬರುತ್ತವೆ. ಮೋಡಗಳನ್ನು ಹತ್ತಿರದಿಂದಲೇ ಅಭ್ಯಸಿಸಬೇಕೆಂದು 2012ರಲ್ಲಿ ಮಹಾಬಳೇಶ್ವರದಲ್ಲಿ ಒಂದು ಪ್ರಯೋಗಾಲಯವನ್ನು ಸ್ಥಾಪಿಸಿದುದರ ಹಿನ್ನೆಲೆಯೂ ಬೆಟ್ಟದ ಮಳೆಯ ಈ ಗಹನತೆಯೇ.

ಹಾಗಾದರೆ ಗಲಗಲಿಗೆ ಇರುವ ಅನುಕೂಲವೇನು? ಕಾಲಾವಕಾಶ. ಬೆಟ್ಟದಲ್ಲಿ ಬಿದ್ದ ನೀರು ಕರಾಡದಲ್ಲಿ ಕೊಯ್ನೆಯನ್ನೂ, ನರಸೋಬನ ವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು, ಹಿಪ್ಪರಗಿಯನ್ನು ದಾಟಿ ನಮ್ಮಲ್ಲಿಗೆ ಬರಲು ಎರಡು ಮೂರು ದಿನಗಳಾದರೂ ಬೇಕು. ಮಳೆಯ ಮುನ್ಸೂಚನೆ ತಪ್ಪಿದರೂ ಬಿದ್ದ ಮಳೆಯ ಅಳತೆ ಸುಳ್ಳಾಗುವುದಿಲ್ಲ. ಆದರೆ ನಡುವೆ ಜಲಾಶಯಗಳಿವೆ. ಎಲ್ಲಿ ಎಷ್ಟು ನೀರು ಬಿಟ್ಟರು, ಕೆಳಗಡೆ ಆಲಮಟ್ಟಿಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದನ್ನೂ ಕೂಡಿಸಿಯೇ ಹೊಳೆಯ ಲೆಕ್ಕವನ್ನು ಮಾಡಬೇಕು.

ಈ ಅನುಕೂಲವೂ ವರ್ಷವಿಡೀ ಇರುವುದಿಲ್ಲ. ಮುಂಗಾರು ಹಿಂಜರಿದು ಚಳಿಗಾಲ ಸಮೀಪಿಸುವಾಗ ಬಿರುಗಾಳಿಗಳು ಪಡುವಣ ಬೆಟ್ಟವನ್ನು ಬಿಟ್ಟು ಮೂಡಣ ಕೊಲ್ಲಿಯ ದಾರಿಯನ್ನು ಹಿಡಿಯುತ್ತವೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಅಂಥ ವಾಯುಭಾರ ಕುಸಿತವೊಂದು ಬಯಲುಸೀಮೆಯ ಮೇಲೆಯೇ ಮಳೆಯನ್ನು ಸುರಿಯಿತು. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಆಗ ಘಟ್ಟದ ಕಡೆಗೆ ಕಣ್ಣಿಟ್ಟು ಕುಳಿತವರಿಗೆ ಯಾವ ಸುಳಿವೂ ಸಿಕ್ಕುತ್ತಿರಲಿಲ್ಲ. ಹಿಂಗಾರಿ ಜೋಳ ಬಿತ್ತಿದವನಿಗೆ ಆ ಕಾಲದ ಹದವಾದ ಮಳೆ ವರ. ಚಾಟಣಿ ಮುಗಿಸಿ ಹೂವಿಗೆ ಕಾದಿರುವ ದ್ರಾಕ್ಷಿ ಬೆಳೆಗಾರನಿಗೆ ಅದೇ ಮಳೆ ರೋಗದ ಬೀಜ.

ಈಗ ಒಂದು ಮನೆಯ ಮಾತು. ಗಲಗಲಿಯ ಕಡೆ ನನ್ನ ಸೋದರಮಾವನೊಬ್ಬನಿದ್ದಾನೆ. ಹೊಳೆಯ ದಂಡೆಯಲ್ಲಿ ಅವನ ನೀರೆತ್ತುವ ಮೋಟಾರು. ಒಂದು ವರ್ಷ ಪ್ರವಾಹದ ಎಚ್ಚರಿಕೆ ಕೇಳಿ ಆಳುಗಳನ್ನು ಕರೆದು ಮೋಟಾರನ್ನು ಮೇಲಕ್ಕೆ ಸಾಗಿಸಿದ. ಹೊಳೆ ಬರಲಿಲ್ಲ, ಊರವರು ನಕ್ಕರು. 2019ರ ಆಗಸ್ಟಿನಲ್ಲಿ ಮತ್ತೆ ಎಚ್ಚರಿಕೆ ಬಂದಾಗ ನಾನು ದೂರವಾಣಿಯಲ್ಲಿ ಹೇಳಿದೆ: “ಮಾವ, ಮೋಟಾರು ತೆಗೆಸು.” ಅವನು, “ಹ್ವಾದ ಸಲಾನೂ ಹಿಂಗ ಅಂದಿದ್ರಲ್ಲೋ ತಮ್ಮಾ” ಎಂದ. ಮೂರನೆಯ ದಿನ ಮೋಟಾರು, ಪೈಪು, ಕಬ್ಬು ಎಲ್ಲವೂ ನೀರಿನ ಕೆಳಗಿದ್ದವು.

ಅವನನ್ನು ಮೂಢನೆನ್ನಲು ನನಗೆ ಮನಸ್ಸು ಬರುವುದಿಲ್ಲ. ಮುನ್ಸೂಚನೆಯನ್ನು ಸತ್ಯ ಇಲ್ಲವೆ ಸುಳ್ಳು ಎಂದು ಎಣಿಸಲು ಅವನಿಗೆ ಕಲಿಸಿದವರು ನಾವೇ. ಅದು ಸಂಭವದ ಮಾತು. ಮೋಟಾರನ್ನು ಸಾಗಿಸಲು ಎರಡು ಸಾವಿರ ರೂಪಾಯಿ ತಗಲುವುದೆಂದೂ, ಮುಳುಗಿದರೆ ನಲವತ್ತು ಸಾವಿರ ನಷ್ಟವೆಂದೂ ಇಟ್ಟುಕೊಳ್ಳೋಣ. ಆಗ ಹೊಳೆ ಬರುವ ಸಂಭವವು ಇಪ್ಪತ್ತರಲ್ಲಿ ಒಂದಕ್ಕಿಂತ ಹೆಚ್ಚಾಗಿದ್ದರೆ ಸಾಗಿಸುವುದೇ ಲಾಭ. ಹತ್ತು ಸಲ ಸಾಗಿಸಿ ಒಂದೇ ಸಲ ಹೊಳೆ ಬಂದರೂ ಇಪ್ಪತ್ತು ಸಾವಿರ ವೆಚ್ಚದಿಂದ ನಲವತ್ತು ಸಾವಿರ ಉಳಿಯಿತು. ಉಳಿದ ಒಂಬತ್ತು ಸಲ ಮುನ್ಸೂಚನೆ ಸುಳ್ಳಾಯಿತೆಂದು ಹೇಳುವುದು ಲೆಕ್ಕ ಬಲ್ಲವರ ಮಾತಲ್ಲ.

ಪಟ್ಟಣದ ವಿದ್ಯಾವಂತರಾದ ನಮಗೆ ಹವಾಮಾನದ ವರದಿಯು ಹಾಸ್ಯದ ಸಾಮಗ್ರಿಯಾಗಿದೆ. ಅದು ತಪ್ಪಿದರೆ ನಮ್ಮ ಅಂಗಿ ಒದ್ದೆಯಾಗುವುದು, ಅಷ್ಟೆ. ಆದರೆ ನಮ್ಮ ಹಾಸ್ಯವು ಹಳ್ಳಿಗೂ ಹೋಗಿ ಮುಟ್ಟುತ್ತದೆ. ಅಲ್ಲಿ ಅದರ ಬೆಲೆಯನ್ನು ತೆರುವವರು ಬೇರೆ. “ಮಳೆ ಬರುವುದೇ?” ಎಂದು ಕೇಳುವುದರ ಜೊತೆಗೆ, “ಬರುವ ಸಂಭವವೆಷ್ಟು? ಬಂದರೆ ನನಗಾಗುವ ನಷ್ಟವೆಷ್ಟು?” ಎಂದು ಕೇಳುವ ಅಭ್ಯಾಸವು ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಬೆಳೆಯಬೇಕು.

ನನ್ನ ಮಾವ ಈಗ ಪ್ರತಿ ವರ್ಷವೂ, ಎಚ್ಚರಿಕೆ ಬಂದ ದಿನವೇ ಮೋಟಾರನ್ನು ತೆಗೆಸುತ್ತಾನೆ. ಊರವರು ನಕ್ಕರೆ ಅವನೂ ಜೊತೆಗೂಡಿ ನಗುತ್ತಾನೆ. ಕಳೆದ ಸಲ ಹೋದಾಗ ಪಕ್ಕದ ಹೊಲದವನೂ ತನ್ನ ಮೋಟಾರನ್ನು ಬಿಚ್ಚುತ್ತಿದ್ದುದನ್ನು ಕಂಡೆನು.