ಬಾಯಿಮಾತಿಗೂ ಒಂದು ತಾರೀಖು ಬೇಕು

(ಆಲ್ಡಿಯಲ್ಲಿ ಸೇರಿದ್ದ ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡ ಗೆಳೆಯರ ಮುಂದೆ ಮಾಡಿದ ಮಾತಿನ ಬರಹರೂಪ)



ಪೇಟೆಂಟ್ ಎಂದರೆ ನಮ್ಮಲ್ಲಿ ಹಲವರಿಗೆ ಆಫೀಸಿನ ಮಾತು. ಕೋಡ್ ಬರೆಯುತ್ತೇವೆ, ಕಂಪನಿಯ ವಕೀಲರು ಅರ್ಜಿ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಇವತ್ತು ನಾನು ಹೇಳಹೊರಟಿರುವುದು ಬೇವು, ಅರಿಶಿನ ಮತ್ತು ಬದನೆಕಾಯಿಯ ಪೇಟೆಂಟ್ ಜಗಳದ ಬಗ್ಗೆ. ನಾನು ವಕೀಲನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಆದರೆ ಅಮೆರಿಕದ ಪೇಟೆಂಟ್ ಕಚೇರಿ ಇರುವುದು ಅಲೆಕ್ಸಾಂಡ್ರಿಯಾದಲ್ಲಿ, ನಾವು ಕೂತಿರುವಲ್ಲಿಂದ ಸುಮಾರು ಒಂದು ಗಂಟೆ ದಾರಿ. ನಮ್ಮೂರ ರೈತನಿಗೆ ಆ ಬಾಗಿಲು ಏಳು ಸಮುದ್ರದಾಚೆ, ನಮಗೆ ಪಕ್ಕದ ಊರು. ಅದಕ್ಕೇ ಈ ವಿಷಯ ಇಲ್ಲಿ ಮಾತಾಡಬೇಕು ಅನ್ನಿಸಿತು.

ಮೊದಲು ಈ ಸೀಮೆಯದೇ ಒಂದು ಕತೆ. ಆಲ್ಡಿಯ ಹಳೆಯ ಹಿಟ್ಟಿನ ಗಿರಣಿಯನ್ನು ನೀವೆಲ್ಲ ನೋಡಿದ್ದೀರಿ. ಅಂಥ ಗಿರಣಿಗಳ ಕಾಲದಲ್ಲೇ, 1790ರಲ್ಲಿ, ಆಲಿವರ್ ಇವಾನ್ಸ್ ಎಂಬಾತ ಕಾಳು ಮೇಲೆತ್ತಿ ಬೀಸುವ ಯಂತ್ರಗಳಿಗೆ ಪೇಟೆಂಟ್ ಪಡೆದ. ಜಾರ್ಜ್ ವಾಷಿಂಗ್ಟನ್ ಕೂಡ ತನ್ನ ಮೌಂಟ್ ವರ್ನನ್ ಗಿರಣಿಯಲ್ಲಿ ಅದನ್ನು ಹಾಕಿಸಿದ್ದ. ಮುಂದೆ ಇವಾನ್ಸ್ ಗಿರಣಿಯವರ ಬೆನ್ನು ಹತ್ತಿದಾಗ, 1813ರಲ್ಲಿ, ನಮ್ಮ ವರ್ಜೀನಿಯಾದ ಥಾಮಸ್ ಜೆಫರ್ಸನ್ ಐಸಾಕ್ ಮ್ಯಾಕ್‌ಫರ್ಸನ್‌ಗೆ ಒಂದು ಕಾಗದ ಬರೆದ. ಸಾಲಾಗಿ ಬಕೆಟ್ ಕಟ್ಟಿ ಮೇಲೆತ್ತುವ ಉಪಾಯ ಹೊಸದೇನಲ್ಲ, ನೀರೆತ್ತುವ ಪರ್ಷಿಯಾದ ಚಕ್ರದಲ್ಲಿ, ಈಜಿಪ್ಟಿನಲ್ಲಿ, ಅದು ಅನಾದಿಕಾಲದಿಂದ ಇದೆ ಎಂಬುದು ಅವನ ವಾದದ ತಿರುಳು. ಅಂದರೆ ದೂರದ ದೇಶದ ರೈತನ ಜ್ಞಾನವನ್ನು ಸಾಕ್ಷಿಗೆ ಕರೆದವನು ಅಮೆರಿಕದ ಮಾಜಿ ಅಧ್ಯಕ್ಷನೇ!

ಆದರೆ 1836ರ ಪೇಟೆಂಟ್ ಕಾಯ್ದೆ ಆ ಸಾಕ್ಷಿಯ ಬಾಯಿ ಮುಚ್ಚಿಸಿತು. ಒಂದು ವಿದ್ಯೆ ಅಮೆರಿಕದೊಳಗೆ ಬಳಕೆಯಲ್ಲಿದ್ದರೆ ಅದು ಹಳೆಯದು. ಹೊರದೇಶದಲ್ಲಿದ್ದರೆ, ಅಲ್ಲಿ ಪೇಟೆಂಟ್ ಆಗಿರಬೇಕು ಇಲ್ಲವೇ ಅಚ್ಚಾಗಿರಬೇಕು. ಕೇವಲ ಬಳಕೆ ಲೆಕ್ಕಕ್ಕಿಲ್ಲ. ಈ ಭೇದ ಹೋಗಿದ್ದು 2011ರಲ್ಲಿ ಸಹಿಯಾಗಿ 2013ರ ಮಾರ್ಚ್ 16ರಿಂದ ಜಾರಿಗೆ ಬಂದ ಹೊಸ ಕಾನೂನಿನಿಂದ. ನೂರಾ ಎಪ್ಪತ್ತಕ್ಕೂ ಹೆಚ್ಚು ವರ್ಷ ನಮ್ಮ ಅಜ್ಜಿಯರ ಬಾಯಿಮಾತಿಗೆ ಇಲ್ಲಿ ಬೆಲೆಯೇ ಇರಲಿಲ್ಲ.

ಅರಿಶಿನದ ಪ್ರಕರಣ ನೋಡಿ. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಸಂಶೋಧಕರೆಂದು ಹೆಸರಿದ್ದ ಇಬ್ಬರೂ ಭಾರತೀಯ ಮೂಲದವರು, ನಮ್ಮ ಹಾಗೆ! ಭಾರತದ ಸಿಎಸ್ಐಆರ್ ಸಂಸ್ಥೆ ಅದನ್ನು ಪ್ರಶ್ನಿಸಿ 32 ಲಿಖಿತ ಆಧಾರಗಳನ್ನು ಮುಂದಿಟ್ಟಿತು. ಅವುಗಳಲ್ಲಿ 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನವೂ ಇತ್ತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಕೋಟ್ಯಂತರ ಮನೆಗಳ ರೂಢಿಯಿಂದಲ್ಲ, ತಾರೀಖು ಇದ್ದ ಕಾಗದಗಳಿಂದ.

ಇನ್ನು ಬೇವು. ಡಬ್ಲ್ಯು.ಆರ್. ಗ್ರೇಸ್ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆ ಜೊತೆಯಾಗಿ, ಬೇವಿನೆಣ್ಣೆಯಿಂದ ಬೆಳೆಯ ಶಿಲೀಂಧ್ರ ತಡೆಯುವ ವಿಧಾನಕ್ಕೆ 1994ರಲ್ಲಿ ಯುರೋಪಿನ ಪೇಟೆಂಟ್ ಪಡೆದವು. ಇದು ಕರ್ನಾಟಕಕ್ಕೆ ದೂರದ ಸುದ್ದಿಯಾಗಿರಲಿಲ್ಲ. ಬೇವಿನ ಬೀಜ ಅರೆಯುವ ಗ್ರೇಸ್ ಸಹಭಾಗಿತ್ವದ ಕಾರ್ಖಾನೆ ನಮ್ಮ ತುಮಕೂರಿನಲ್ಲೇ ಎದ್ದಿತ್ತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆಸೆದು ಸುಟ್ಟಿತ್ತು. 1993ರ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ಬೀಜ ಸತ್ಯಾಗ್ರಹದ ದೊಡ್ಡ ರ್‍ಯಾಲಿ ನಡೆಯಿತು. ಕಚೇರಿ ಸುಟ್ಟದ್ದು ಸರಿಯೇ ತಪ್ಪೇ ಎಂದು ನಾವು ರಾತ್ರಿಯೆಲ್ಲ ವಾದ ಮಾಡಬಹುದು. ಆದರೆ ಪೇಟೆಂಟ್ ಎಂಬ ಪದವನ್ನು ಕರ್ನಾಟಕದ ಹಳ್ಳಿಕಟ್ಟೆಗೆ ತಂದವರು ಅವರು ಎಂಬುದನ್ನು ಮರೆಯಬಾರದು.

ಕೊನೆಗೆ ಯುರೋಪಿನಲ್ಲಿ ವಂದನಾ ಶಿವಾ, ಮಾಗ್ದಾ ಆಲ್ವೋಟ್ ಮತ್ತು ಸಾವಯವ ಕೃಷಿ ಒಕ್ಕೂಟ ಸೇರಿ ಆಕ್ಷೇಪಣೆ ಹಾಕಿದರು. ಭಾರತದಲ್ಲಿ ಅದು ಮೊದಲೇ ಬಳಕೆಯಲ್ಲಿತ್ತು ಎಂಬ ಸಾಕ್ಷಿಯನ್ನು ಒಪ್ಪಿ 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದು ಮಾಡಲಾಯಿತು. 2005ರ ಮಾರ್ಚ್‌ನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಆದರೆ ಒಂದು ಕಡೆಯ ಪೇಟೆಂಟ್ ರದ್ದಾದರೆ ಇನ್ನೊಂದು ದೇಶದ್ದು ರದ್ದಾಗುವುದಿಲ್ಲ. ಯುರೋಪಿನ ತೀರ್ಪು ಅಮೆರಿಕದ ಬೇವಿನ ಪೇಟೆಂಟುಗಳನ್ನು ಮುಟ್ಟಲಿಲ್ಲ.

ಗೆದ್ದೆವಲ್ಲ, ಇನ್ನೇನು ಎನ್ನಬೇಡಿ. ಗೆಲ್ಲಲು ಎಷ್ಟು ವರ್ಷ ಹಿಡಿಯುತ್ತದೆ ನೋಡಿ. ಮೆಕ್ಸಿಕೋದಿಂದ ತಂದ ಹಳದಿ ಬೀನ್ಸ್ ಕಾಳಿಗೆ ಕೊಲರಾಡೊದ ಬೀಜ ವ್ಯಾಪಾರಿಯೊಬ್ಬ 1999ರಲ್ಲಿ ಇಲ್ಲಿ ಪೇಟೆಂಟ್ ಪಡೆದ. ಅದು ಕೋರ್ಟಿನಲ್ಲಿ ಕೊನೆಯದಾಗಿ ಸತ್ತದ್ದು 2009ರಲ್ಲಿ. ಹತ್ತು ವರ್ಷ! ಅಷ್ಟರಲ್ಲಿ ಮೆಕ್ಸಿಕೋದ ಕಾಳು ಇಲ್ಲಿಗೆ ಬರುವುದಕ್ಕೆ ಅಡ್ಡಿ ಬಿದ್ದಿತ್ತು. ಪೇಟೆಂಟ್ ಕೊಟ್ಟ ಮೇಲೆ ಕೀಳುವುದು ಕಷ್ಟ, ಕೊಡುವ ಮೊದಲೇ ತಡೆಯುವುದು ಸುಲಭ. ಬಗ್ ಬಗ್ಗೆ ನಾವು ಆಫೀಸಿನಲ್ಲಿ ಹೇಳುವುದೂ ಇದನ್ನೇ ಅಲ್ಲವೇ?

ಈಗ ನಮ್ಮ ನಾಡಿನ ಒಳಗೆ ಬನ್ನಿ. ಕಟಪಾಡಿ ಹತ್ತಿರದ ಮಟ್ಟುವಿನ ಗುಳ್ಳ ಬದನೆ ಗೊತ್ತಲ್ಲ? ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರೆಂದು ಊರವರು ಹೇಳುತ್ತಾರೆ. 2010ರ ಫೆಬ್ರುವರಿ 9ರಂದು ಕೇಂದ್ರ ಸಚಿವ ಜೈರಾಂ ರಮೇಶ್ ಬಿಟಿ ಬದನೆಯನ್ನು ತಡೆಹಿಡಿದರು. ಅದೇ ತಿಂಗಳು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಒಂದು ದೂರು ಕೊಟ್ಟಿತು. ಉಡುಪಿಯದು, ಕುಡಚಿಯದು ಸೇರಿ ಕರ್ನಾಟಕದ ಆರು ಬದನೆ ತಳಿಗಳನ್ನು ಅನುಮತಿಯಿಲ್ಲದೆ, ಊರವರನ್ನು ಕೇಳದೆ ಬಿಟಿ ಬದನೆಗೆ ಬಳಸಲಾಗಿದೆ ಎಂಬುದು ಮಹಿಕೋ ಕಂಪನಿ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮೇಲಿನ ಆರೋಪ. 2012ರಲ್ಲಿ ವಿಷಯ ಧಾರವಾಡದ ನ್ಯಾಯಾಲಯಕ್ಕೆ ಹೋಯಿತು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಿಯ ಗುರುತೇನೋ ಸಿಕ್ಕಿತು. ಆದರೆ ಅದು ಕಾಯುವುದು ಹೆಸರನ್ನು. ಬೀಜವನ್ನಲ್ಲ, ಬೆಳೆಯುವ ವಿದ್ಯೆಯನ್ನಲ್ಲ.

ಸರ್ಕಾರ ಏನೂ ಮಾಡಿಲ್ಲವೇ? ಮಾಡಿದೆ. 2001ರಲ್ಲಿ ಶುರುವಾದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವನ್ನು 2009ರಿಂದ ಯುರೋಪ್ ಮತ್ತು ಅಮೆರಿಕದ ಪೇಟೆಂಟ್ ಪರೀಕ್ಷಕರು ನೋಡಬಹುದು. ಒಳ್ಳೆಯ ಕೆಲಸ. ಆದರೆ ಅದರಲ್ಲಿ ಮುಖ್ಯವಾಗಿ ಇರುವುದು ಆಯುರ್ವೇದ, ಯುನಾನಿ, ಸಿದ್ಧ, ಯೋಗ. ಮೂಲಗ್ರಂಥಗಳು ಮುಖ್ಯವಾಗಿ ಸಂಸ್ಕೃತ, ಹಿಂದಿ, ಅರಬ್ಬಿ, ಪರ್ಷಿಯನ್, ಉರ್ದು, ತಮಿಳಿನವು. ನಮ್ಮ ರೈತನ ಬೀಜೋಪಚಾರ, ಕಣಜದ ವಿದ್ಯೆ, ಹಿಂಡಿ-ಗೊಬ್ಬರದ ಲೆಕ್ಕ ಕನ್ನಡದಲ್ಲಿದೆ. ಅದನ್ನು ಯಾರು ಹುಡುಕುತ್ತಾರೆ? ಕನ್ನಡ ಬಾರದ ಪರೀಕ್ಷಕನಿಗೆ ಕನ್ನಡದ ಪುಸ್ತಕ ಇದ್ದೂ ಇಲ್ಲದ ಹಾಗೆ. ಗೆಳೆಯರೇ, ಭಾಷೆಯ ಪ್ರಶ್ನೆ ಬರೀ ಬೋರ್ಡಿನ ಪ್ರಶ್ನೆಯಲ್ಲ, ಹೊಟ್ಟೆಪಾಡಿನ ಪ್ರಶ್ನೆಯೂ ಹೌದು.

ಕನ್ನಡದಲ್ಲಿ ಬರಹವೇ ಇಲ್ಲ ಎಂದಲ್ಲ. ಸುಮಾರು 1025ರಲ್ಲಿ ಎರಡನೇ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಂತರ್ಜಲ, ಗಿಡಮರಗಳ ಆರೈಕೆಯ ವಿಷಯಗಳಿವೆ. ಅದು ಇಂಗ್ಲಿಷಿಗೆ ಬಂದದ್ದು 2006ರಲ್ಲಿ. 1988ರಲ್ಲಿ ಪುತ್ತೂರಿನಿಂದ ಶುರುವಾದ 'ಅಡಿಕೆ ಪತ್ರಿಕೆ'ಯಲ್ಲಿ ರೈತರೇ ತಮ್ಮ ಅನುಭವ ಬರೆದಿದ್ದಾರೆ. ಅದರ ಒಂದೊಂದು ಸಂಚಿಕೆಯೂ ತಾರೀಖು ಇರುವ ಅಚ್ಚಿನ ಸಾಕ್ಷಿ!

ಹಾಗಾದರೆ ನಾವು ಮಾಡಬಹುದಾದ್ದೇನು?

ಒಂದು: ಇಲ್ಲಿ ಪೇಟೆಂಟ್ ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳಿಗೆ ಬಹಿರಂಗವಾಗುತ್ತವೆ. 2012ರ ಸೆಪ್ಟೆಂಬರ್ 16ರಿಂದ ಯಾರು ಬೇಕಾದರೂ, ನಿಗದಿತ ಅವಧಿಯೊಳಗೆ, ಹಳೆಯ ಅಚ್ಚಿನ ಆಧಾರಗಳನ್ನು ಪರೀಕ್ಷಕರಿಗೆ ಕಳಿಸಬಹುದು. ಆಧಾರ ಬೇರೆ ಭಾಷೆಯದಾದರೆ ಸಂಬಂಧಪಟ್ಟ ಭಾಗದ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಕನ್ನಡವೂ ಇಂಗ್ಲಿಷೂ ಬಲ್ಲ, ತಾಂತ್ರಿಕ ಭಾಷೆ ಓದಬಲ್ಲ ಜನ ಈ ಕೋಣೆಯಲ್ಲೇ ಇದ್ದಾರೆ. ಬೇವು, ಹಲಸು, ರಾಗಿ ಎಂದು ತಿಂಗಳಿಗೊಮ್ಮೆ ಅರ್ಜಿಗಳನ್ನು ಹುಡುಕಲು ನಾಲ್ಕು ಜನ ಸಾಕು.

ಎರಡು: ಮೊದಲು ಈಗಾಗಲೇ ಅಚ್ಚಾದದ್ದನ್ನೇ ಸೂಚಿ ಮಾಡೋಣ. ಅಚ್ಚಾಗದ ಜ್ಞಾನವನ್ನು ಊರಿನಿಂದ ಕೆದಕಿ ತಂದು ಇಂಟರ್ನೆಟ್ಟಿಗೆ ಹಾಕುವ ಹುಮ್ಮಸ್ಸು ಬೇಡ. ಬರೆದಿಟ್ಟರೆ ಪೇಟೆಂಟ್ ತಡೆಯಬಹುದು ನಿಜ. ಆದರೆ ಯಾವ ಕಂಪನಿಯಾದರೂ ಅದನ್ನು ಓದಿ ಸರಕು ಮಾಡಿಕೊಳ್ಳಬಹುದು, ರೈತನಿಗೆ ಬಿಡಿಗಾಸೂ ಸಿಗದೆ ಹೋಗಬಹುದು. ಹೇಳಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಊರವರು, ನಾವಲ್ಲ. ಇನ್ನೊಂದು ಮಾತು. 2002ರ ಜೀವವೈವಿಧ್ಯ ಕಾಯ್ದೆ ಅನಿವಾಸಿ ಭಾರತೀಯರನ್ನೂ ವಿದೇಶಿಯರ ಸಾಲಿನಲ್ಲೇ ನಿಲ್ಲಿಸುತ್ತದೆ. ಸಂಶೋಧನೆಗೋ ವ್ಯಾಪಾರಕ್ಕೋ ಅಲ್ಲಿನ ಬೀಜ, ಅದರ ಜ್ಞಾನ ಪಡೆಯಲು ನಮಗೂ ಚೆನ್ನೈನ ಪ್ರಾಧಿಕಾರದ ಅನುಮತಿ ಬೇಕು. ಕೇಳಲು ಬೇಜಾರು, ಆದರೆ ಅರಿಶಿನದ ಪೇಟೆಂಟ್ ನೆನೆದರೆ ಕಾರಣ ತಿಳಿಯುತ್ತದೆ.

ಮೂರು: ರಜೆಗೆ ಊರಿಗೆ ಹೋದಾಗ ಪಂಚಾಯಿತಿಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮೂರ ಜನತಾ ಜೀವವೈವಿಧ್ಯ ದಾಖಲಾತಿ ಎಲ್ಲಿದೆ, ಅದರಲ್ಲಿ ಏನಿದೆ? ಕಾಯ್ದೆಯ ಪ್ರಕಾರ ಅದನ್ನು ಸಿದ್ಧಮಾಡಬೇಕಾದದ್ದು ಊರಿನ ಜೀವವೈವಿಧ್ಯ ಸಮಿತಿ. ಬೀರುವಿನಲ್ಲಿ ಬೀಗ ಹಾಕಿದ ಹಾಳೆಯೋ, ರೈತರನ್ನು ಕೇಳಿ ಬರೆದದ್ದೋ, ನೋಡಿಕೊಂಡು ಬನ್ನಿ.

2024ರ ಮೇ 24ರಂದು ಜಿನೀವಾದಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಜೀವಸಂಪನ್ಮೂಲ ಆಧರಿಸಿದ ಪೇಟೆಂಟ್ ಕೇಳುವವರು ಅದು ಎಲ್ಲಿಂದ ಬಂತೆಂದು ಹೇಳಬೇಕು ಎನ್ನುತ್ತದೆ ಅದು. 15 ದೇಶಗಳು ಅನುಮೋದಿಸಿದ ಮೇಲೆ ಅದಕ್ಕೆ ಬಲ. ಅದೂ ಸಹಿ ಮಾಡಿ ಒಪ್ಪಿದ ದೇಶಗಳಿಗಷ್ಟೇ. ಅಲ್ಲಿಯವರೆಗೆ ಕಾಯುತ್ತ ಕೂರಬೇಕಿಲ್ಲ.

ನಾನು ಪೇಟೆಂಟ್ ವಿರೋಧಿಯಲ್ಲ. ಹೊಸದನ್ನು ಕಂಡುಹಿಡಿದವನಿಗೆ ಅದರ ಫಲ ಸಿಗಲಿ. ಆದರೆ ಹಳೆಯದನ್ನು ಹೊಸದೆಂದು ಮಾರುವಾಗ, ಅದು ಹಳೆಯದೆಂದು ಬಲ್ಲ ನಾವು ಸುಮ್ಮನಿರಬಾರದು. ಅರ್ಜಿ ಹುಡುಕುವ ನಾಲ್ಕು ಜನರ ಪೈಕಿ ಒಬ್ಬ ನಾನು. ಇನ್ನು ಮೂರು ಜನ ಊಟಕ್ಕೆ ಏಳುವ ಮೊದಲು ಹೆಸರು ಕೊಡಿ.

ಜೈ ಕರ್ನಾಟಕ!