ಕ್ಷಮಾದಾನ: ಮರ್ಜಿಯೋ, ಹೊಣೆಯೋ?



1831ರಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದಾಗ, ಕೊಲ್ಲುವುದೂ ಉಳಿಸುವುದೂ ಕಂಪನಿ ಸರಕಾರದ ಮರ್ಜಿ. ಇಂದು ಕ್ಷಮಾದಾನದ ಅಧಿಕಾರವನ್ನು ಸಂವಿಧಾನದ 72ನೆಯ ವಿಧಿ ರಾಷ್ಟ್ರಪತಿಗೆ ಕೊಟ್ಟಿದೆ. ಅದು ಮರ್ಜಿಯೋ, ಹೊಣೆಯೋ?

ಅಮೆರಿಕದಲ್ಲಿ ಅದು ಅಧ್ಯಕ್ಷನೊಬ್ಬನ ಮರ್ಜಿ. ಯುದ್ಧವಿರೋಧಿ ಭಾಷಣಕ್ಕಾಗಿ 10 ವರ್ಷ ಸಜೆಯಾದ ಸಮಾಜವಾದಿ ಮುಂದಾಳು ಯೂಜೀನ್ ಡೆಬ್ಸರನ್ನು ಬಿಡಲು ವಿಲ್ಸನ್ ಒಪ್ಪಲಿಲ್ಲ. 1921ರಲ್ಲಿ ಹಾರ್ಡಿಂಗ್ ಬಿಟ್ಟರು. ಬದಲಾದದ್ದು ಕುರ್ಚಿಯ ಮೇಲಿನ ಮನುಷ್ಯ ಮಾತ್ರ.

ನಮ್ಮ ಬೆಳಗಾವಿಯ ಹಿಂಡಲಗಾ ಜೈಲನ್ನು ನೋಡಿರಿ. ವೀರಪ್ಪನ್ ಗುಂಪು 1993ರಲ್ಲಿ ಪಾಲಾರ್ ಬಳಿ ನಡೆಸಿದ ಸ್ಫೋಟದಲ್ಲಿ 22 ಜನ ಸತ್ತರು. ಆ ಮನೆಗಳ ದುಃಖವನ್ನು ನಾವು ಮರೆಯೆವು. ಆದರೆ ಆ ಪ್ರಕರಣದಲ್ಲಿ ಗಲ್ಲು ಶಿಕ್ಷೆಯಾಗಿ ಇಲ್ಲಿದ್ದ ನಾಲ್ವರ ಅರ್ಜಿ ಒಂಬತ್ತು ವರ್ಷ ಕೊಳೆತು, 2013ರಲ್ಲಿ ತಿರಸ್ಕೃತವಾಯಿತು. 2014ರಲ್ಲಿ ಸುಪ್ರೀಂ ಕೋರ್ಟು ಕ್ಷಮಾದಾನವು ಕೃಪೆಯಲ್ಲ, ಸಂವಿಧಾನದ ಹೊಣೆ ಎಂದು ಹೇಳಿ, ವಿಳಂಬದ ಕಾರಣಕ್ಕೆ ಅವರ ಗಲ್ಲನ್ನು ಜೀವಾವಧಿಗೆ ಇಳಿಸಿತು.

2023ರ ನಾಗರಿಕ ಸುರಕ್ಷಾ ಸಂಹಿತೆಯಾದರೋ, ರಾಷ್ಟ್ರಪತಿಯ ತೀರ್ಮಾನವನ್ನು ಯಾವ ಕೋರ್ಟೂ ವಿಚಾರಿಸಕೂಡದೆನ್ನುತ್ತದೆ. ಆಗಲೇ ಈ ಕಲಮು ಇದ್ದಿದ್ದರೆ ಆ ನಾಲ್ವರು ಯಾವ ಬಾಗಿಲು ತಟ್ಟಬೇಕಿತ್ತು? ಲೆಕ್ಕ ಕೇಳಲಾಗದ ಹೊಣೆ ಮತ್ತೆ ಮರ್ಜಿಯೇ. ಕಂಪನಿ ಹೋಯಿತು, ಅದರ ಮರ್ಜಿ ದಿಲ್ಲಿಯಲ್ಲಿ ಉಳಿಯಬಾರದು. ಆ ಕಲಮನ್ನು ತೆಗೆಯಿರೆಂದು ನಾವು ಕೇಳುತ್ತೇವೆ.